ಗೆರೆ ದಾಟಿದ ಕೆಂಪು

ಚಿಕ್ಕಪ್ಪನ ಮನೆಗೆ ಬೆಂಕಿ ಬಿದ್ದದ್ದು ಸಂಜೆ ನಾಲ್ಕೂಕಾಲಿಗೆ. ಆ ಹೊತ್ತಿಗೆ ಅವರು ಜಗಲಿಯಲ್ಲಿ ನನ್ನ ಪಕ್ಕ ಕೂತು, ಎಂದೋ ಸತ್ತುಹೋದ ಚಿತ್ರಗಾರನೊಬ್ಬನ ಜೊತೆ ಜಗಳವಾಡುತ್ತಿದ್ದರು!

ಭದ್ರಾವತಿಯಲ್ಲಿ ಕಾರ್ಖಾನೆಯ ಕುಲುಮೆ ಮುಂದೆ ದುಡಿಯುವ ಮನುಷ್ಯನಿಗೆ ಹಿಡಿಯಬೇಕಾದ ಹುಚ್ಚೇ ಅದು? ನೂರೈವತ್ತು ವರ್ಷ ಹಿಂದಿನ ಸಿಪಾಯಿಗಳ ಸಮವಸ್ತ್ರದ ಚಿತ್ರಗಳು! ಅಚ್ಚಾದದ್ದು ಕಪ್ಪುಬಿಳುಪಿನಲ್ಲಿ, ಬಣ್ಣ ಮಾತ್ರ ಒಂದೊಂದು ಹಾಳೆಗೂ ಕೈಯಿಂದಲೇ ತುಂಬಿದ್ದು. ಶಿವಮೊಗ್ಗದ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತಂದು, ಭೂತಕನ್ನಡಿ ಹಿಡಿದು ತಪ್ಪು ತೆಗೆಯುವುದೇ ಅವರ ಭಾನುವಾರ.

"ನೋಡೋ, ಕೋಟಿನ ಕೆಂಪು ಗೆರೆ ದಾಟಿ ಕೈಗೆ ಬಂದಿದೆ. ನಮ್ಮಲ್ಲಿ ಹಿಂಗೆ ಕೆಲಸ ಮಾಡಿದ್ರೆ ಫೋರ್‌ಮನ್ ಗೇಟಿಂದಾಚೆ ಹಾಕ್ತಿದ್ದ!"

"ಆ ಬಣ್ಣ ಬಳಿದೋನಾದ್ರೂ ಸತ್ತು ಬಚಾವಾದ. ನಾನು ದಿನಾ ಕೇಳ್ಬೇಕಲ್ಲ" ಎನ್ನುವುದು ಚಿಕ್ಕಮ್ಮನ ಉತ್ತರ.

ಮೇಲೆ ಕೆಂಪು ಕೋಟು, ಕೆಳಗೆ ಬರಿಗಾಲಿನ ಒಬ್ಬ ಸಿಪಾಯಿ ಚಿಕ್ಕಪ್ಪನ ಪ್ರಾಣ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಪಕ್ಕದ ಮನೆಯವರು ಅದನ್ನು ತೀರಿಹೋದ ಹಿರಿಯರ ಪಟವೆಂದು ತಿಳಿದು ಕೈಮುಗಿದರು. ಚಿಕ್ಕಮ್ಮ ತಿದ್ದಲಿಲ್ಲ, ಗಾಜಿಗೆ ಕುಂಕುಮವಿಟ್ಟು, ಗಂಧದ ಹಾರ ಹಾಕಿಬಿಟ್ಟರು. "ಬಂದೋರಿಗೆಲ್ಲ ಪಾಠ ಹೇಳೋದಕ್ಕಿಂತ ಇದೇ ಸುಲಭ ಮಾರಾಯ!" ಪಿತೃಪಕ್ಷದ ಅಮಾವಾಸ್ಯೆಗೆ ದೀಪವೂ ಬಂತು. ಆ ದೀಪವೇ ಹಾರಕ್ಕೆ ತಗುಲಿತು.

ಹೊಗೆ ಕಂಡ ಚಿಕ್ಕಪ್ಪ ಒಳಗೆ ನುಗ್ಗಿದರು. "ಚಿತ್ರ ಹಾಳಾಗ್ಲಿ, ಬನ್ನಿ ಚಿಕ್ಕಪ್ಪಾ!" ಎಂದು ಕಿರುಚಿದೆ. ದನಿ ಹೊರಟಿತ್ತೇ? ಇವತ್ತಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಹೊಗೆ ತುಂಬಿದ ಆ ಬಾಗಿಲೇ ಎದುರಿಗೆ ಬರುತ್ತದೆ. ಅದರಿಂದ ಯಾರೂ ಹೊರಬರುವುದಿಲ್ಲ.

ಆದರೆ ಅವತ್ತು ಚಿಕ್ಕಪ್ಪ ಬಂದರು. ಅವರ ತೋಳಿನಲ್ಲಿ ಚಿಕ್ಕಮ್ಮ ಇದ್ದರು! ಹಿತ್ತಲ ಬಾಗಿಲಿನಿಂದ ಮೊದಲೇ ಒಳಹೋಗಿ, ಉರಿಯುವ ಗೋಡೆಯಿಂದ ಸಿಪಾಯಿಯನ್ನು ಇಳಿಸುತ್ತಿದ್ದರಂತೆ. ಚಿತ್ರವನ್ನು ಅವರ ಕೈಯಿಂದ ಕಿತ್ತೆಸೆದು ಚಿಕ್ಕಪ್ಪ ಎಳೆದು ತಂದಿದ್ದರು.

"ಒಂದು ಕಾಗದಕ್ಕೆ ಬೆಂಕಿಗೆ ಬೀಳ್ತೀಯೇನೇ?"

"ನಿಮ್ಮ ಪ್ರಾಣ ಅಂತಿದ್ರಲ್ಲ."

ಮನೆ ರಿಪೇರಿಯಾಗುವವರೆಗೆ ಶಿವಮೊಗ್ಗದ ನಮ್ಮ ಮನೆಯಲ್ಲಿದ್ದರು. ಇಬ್ಬರಿಗೂ ನಿದ್ದೆಯಿಲ್ಲ. ಒಬ್ಬರಿಗೆ ಕಣ್ಣು ಹತ್ತಿದರೆ, ಇನ್ನೊಬ್ಬರು ಎದ್ದು ಮುಟ್ಟಿ ನೋಡುವುದು. ದೀಪಾವಳಿಗೆ ನಾವು ಹಣತೆ ಹಚ್ಚಲಿಲ್ಲ.

ಹಬ್ಬ ಕಳೆದ ಮೇಲೆ, ಚಿಕ್ಕಪ್ಪನೇ ಹಿಂದೊಮ್ಮೆ ನನಗೆ ಕೊಟ್ಟಿದ್ದ ಆ ಸಿಪಾಯಿಯ ಜೆರಾಕ್ಸ್ ಹುಡುಕಿ ತೆಗೆದೆ. ಚಿಕ್ಕಮ್ಮ ಮಕ್ಕಳ ಬಣ್ಣದ ಡಬ್ಬಿ ತರಿಸಿ, ಕೋಟಿಗೆ ಕೆಂಪು ಬಳಿಯಲು ಕುಳಿತರು. ಬೆಂಕಿಯಲ್ಲಿ ಸುಟ್ಟ ಬೆರಳಿಗೆ ಕುಂಚದ ಹಿಡಿತ ಸಿಗದೆ ಬಣ್ಣ ಗೆರೆ ದಾಟಿತು, ಸಿಪಾಯಿಯ ಕೈಗೆಲ್ಲ ಹರಿಯಿತು.

"ಹೋಯ್ತು! ಇನ್ನು ಸಾಯೋವರೆಗೂ ಬೈತೀರಿ."

ಚಿಕ್ಕಪ್ಪ ಭೂತಕನ್ನಡಿ ಎತ್ತಿಕೊಂಡರು. ಚಿತ್ರ ಬಿಟ್ಟು ಚಿಕ್ಕಮ್ಮನ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು.

"ಸರಿಯಾಗಿದೆ ಕಣೇ" ಎಂದರು.

ಅವತ್ತು ಇಬ್ಬರೂ ಬೆಳಗಾಗುವವರೆಗೆ ನಿದ್ದೆ ಮಾಡಿದರು. ನಾನೂ.