ತಾಳ ತಿದ್ದುವ ಕಾಕಾ

ನಮ್ಮ ಕಾಕಾ ಬೈಲಹೊಂಗಲದಲ್ಲಿ ಇರುವುದು ಊಟದ ಹೊತ್ತಿಗೆ ಮಾತ್ರ! ಮಿಕ್ಕಂತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅರ್ಧ ಕಣ್ಣು ಮುಚ್ಚಿಕೊಂಡು ಎಲ್ಲಿರುತ್ತಾನೋ ಆತನಿಗೇ ಗೊತ್ತಿಲ್ಲ. ಸಂತೆಗೆ ಕಳಿಸಿದರೆ ಬದನೆಕಾಯಿ ಬಿಟ್ಟು, ಮಾರುವವಳ ಕೂಗನ್ನು ಮೊಬೈಲಿನಲ್ಲಿ ತುಂಬಿಕೊಂಡು ಬರುವವನಿಗೆ ಏನೆನ್ನುತ್ತೀರಿ? ಊರವರು ಸಂಗೀತಗಾರ ಎನ್ನುತ್ತಾರೆ. ಆತನ ಹೆಂಡತಿ, ಅಂದರೆ ನಮ್ಮ ಕಾಕು, ಎನ್ನುವುದನ್ನು ಇಲ್ಲಿ ಬರೆಯುವಂತಿಲ್ಲ!

ಮೊದಲು ಆತ ಬೆಳಿಗ್ಗೆ ಹಾರ್ಮೋನಿಯಂ, ಮಧ್ಯಾಹ್ನ ಕಂಪ್ಯೂಟರ್ ಕಲಿಸುತ್ತಿದ್ದ. ಎರಡೂ ಕಲಸುಮೇಲೋಗರವಾಗಿ, ಭಜನೆಯಲ್ಲಿ ಸ್ವರ ತಪ್ಪಿದರೆ ಹಾರ್ಮೋನಿಯಂ ಮೇಲೆ ಅನ್‌ಡೂ ಬಟನ್ ಹುಡುಕುತ್ತಿದ್ದ! ಕೊನೆಗೆ ಎರಡನ್ನೂ ಕೂಡಿಸಿಯೇ ಬಿಟ್ಟ. ಈಗ ಸಂಪಗಾಂವದ ಭಜನಾ ಮೇಳದಿಂದ ಹಿಡಿದು ಟಿವಿ ಧಾರಾವಾಹಿಯವರೆಗೆ ಎಲ್ಲರಿಗೂ ಕಂಪ್ಯೂಟರಿನಲ್ಲೇ ಸಂಗೀತ ಕಟ್ಟಿಕೊಡುತ್ತಾನೆ. ಆತನ ಚಟ ಒಂದೇ, ತಾಳ ತಿದ್ದುವುದು. ತಬಲಾದ ಏಟು ಕೂದಲೆಳೆಯಷ್ಟು ಆಚೀಚೆಯಾದರೂ ಬಟನ್ ಒತ್ತಿ ಸಾಲಿಗೆ ನಿಲ್ಲಿಸುತ್ತಾನೆ. ಆಸೆಯೂ ಒಂದೇ, ಕಾಕು ಒಮ್ಮೆಯಾದರೂ ಕೂತು ಪೂರ್ತಿ ಕೇಳಬೇಕು.

“ಹೆಂಗೈತಿ?” ಎಂದು ಕೇಳುತ್ತಾನೆ ಕಾಕಾ.

“ಛಲೋ ಐತ್ರಿ. ಬಂದ್ ಮಾಡ್ರಿ.”

ಒಮ್ಮೆ ಆಕೆ ರೊಟ್ಟಿ ಬಡಿಯುವ ಸದ್ದಿನಿಂದಲೇ ತಾಳ ಕಟ್ಟಿದ. ಸಂಜೆಯವರೆಗೂ ಸ್ಪೀಕರಿನಲ್ಲಿ ಪಟಪಟ ಪಟಪಟ! ಅಷ್ಟು ರೊಟ್ಟಿ ಬಡಿಯುತ್ತಿದ್ದಾರೆಂದರೆ ನಮ್ಮ ಕಡೆ ಮನೆಯಲ್ಲಿ ಕಾರ್ಯವಿದೆ ಎಂದೇ ಅರ್ಥ. ಓಣಿಯ ನಾಲ್ಕು ಹೆಂಗಸರು ಕೈಜೋಡಿಸಲು ಹಿಟ್ಟಿನ ಬುಟ್ಟಿ ಹೊತ್ತು ಬಂದೇಬಿಟ್ಟರು.

“ಏನ್ರಿ ಅಕ್ಕಾರ, ಮಗಳ ನಿಶ್ಚಯ ಆತೇನು? ನಮಗ ಹೇಳೂದಲ್ಲೇನ್ರಿ?”

ಬಂದವರನ್ನು ಹಾಗೇ ಕಳಿಸಲಾದೀತೆ? ಕಾಕು ಒಲೆ ಹೊತ್ತಿಸಿದಳು. ನೂರು ರೊಟ್ಟಿಯಾದವು. ಕಾಕಾ ಅದನ್ನೂ ರೆಕಾರ್ಡ್ ಮಾಡಿಕೊಂಡ!

ಇನ್ನೊಮ್ಮೆ ಹೂಲಿಯ ಹಳೆಯ ಗುಡಿಯಲ್ಲಿ ಅರ್ಧ ದಿನ ಕೂತು ಬರೀ ಮೌನ ರೆಕಾರ್ಡ್ ಮಾಡಿ ತಂದ. ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಏನೂ ಇಲ್ಲ. ಆಮೇಲೆ ಸಣ್ಣಗೆ ಗಾಳಿ, ಎಲ್ಲೋ ಒಂದು ಪಾರಿವಾಳದ ರೆಕ್ಕೆ... ಎಷ್ಟು ಹೊತ್ತು ಹಾಗೆ ತೇಲಿದೆನೋ, ಎದುರಿಗಿದ್ದ ಚಹಾ ಆರಿತ್ತು.

“ಈ ಮೌನ ಎದಕ್ಕ ಬೇಕು ಕಾಕಾ?”

“ನಮ್ಮ ಮನ್ಯಾಗ ಸಿಗಂಗಿಲ್ಲಲ್ಲೋ ತಮ್ಮಾ!”

ಹೋದ ವರ್ಷ ಮನೆಯಲ್ಲೇ ಸಿಕ್ಕಿತು. ರಾಮದುರ್ಗದಲ್ಲಿ ಕಾಕುವಿನ ಅಪ್ಪ, ಮಗ್ಗದ ಮುಂದೆಯೇ ಮುಪ್ಪಾದ ನೇಕಾರ, ತೀರಿಕೊಂಡ. ತವರಿನಿಂದ ಮರಳಿದ ಕಾಕು ಅಳಲಿಲ್ಲ, ಮಾತಾಡಲಿಲ್ಲ. “ಬಂದ್ ಮಾಡ್ರಿ” ಎನ್ನುವುದನ್ನೂ ಬಿಟ್ಟಳು.

“ಆಕಿ ಒಮ್ಮೆ ಬೈದ್ರ ಸಾಕೋ,” ಎಂದು ಕಾಕಾ ನನ್ನ ಮುಂದೆ ಕಂಗಾಲಾದ.

ಒಂದು ಮಧ್ಯಾಹ್ನ ನಾನು ಹೋದಾಗ ಆತ ಹಳೆಯ ಫೈಲೊಂದನ್ನು ತೆರೆದು ಕೂತಿದ್ದ. ಹಿಂದೊಮ್ಮೆ ರೆಕಾರ್ಡ್ ಮಾಡಿದ್ದ ಮಾವನ ಮಗ್ಗದ ಸದ್ದು ಅದು. ಮಾವನಿಗೆ ಬಲಗಾಲು ಸೋತಿತ್ತು. ಎಡಗಾಲು ತುಳಿದ ಏಟು ನೆಟ್ಟಗೆ ಬಿದ್ದರೆ, ಬಲಗಾಲಿನದು ಪ್ರತಿಸಲ ತುಸು ತಡ. ಪರದೆಯ ಮೇಲೂ ಆ ಏಟಿನ ಗೆರೆಗಳು ಹಿಂದುಳಿದು ನಿಂತಿದ್ದವು. ಕಾಕಾನ ಬೆರಳು ರೂಢಿಯಂತೆ ತಿದ್ದುವ ಬಟನ್ ಮೇಲೆ ಹೋಯಿತು. ನಿಂತಿತು. ಮೆಲ್ಲಗೆ ಹಿಂದೆ ಬಂತು. ಇದ್ದದ್ದನ್ನು ಇದ್ದಹಾಗೇ ಸ್ಪೀಕರಿನಲ್ಲಿ ಹಚ್ಚಿದ.

ಕಾಕು ಅಡುಗೆಮನೆಯಿಂದ ಬಂದಳು. ಕೈಯ ಹಿಟ್ಟನ್ನೂ ತೊಳೆದಿರಲಿಲ್ಲ. ಬಾಗಿಲಲ್ಲಿ ನಿಂತವಳು ಅಲ್ಲೇ ಕೂತಳು.

“ಅಪ್ಪಾ...”

ಇಷ್ಟು ದಿನ ಬಾರದ ಅಳು ಆಗ ಬಂತು. ಮಗ್ಗ ಕೊನೆಯ ಏಟು ಹೊಡೆದು ಸುಮ್ಮನಾಯಿತು. ತಪ್ಪು ಮಾಡಿದೆನೇನೋ ಎಂದು ಕಾಕಾ ಹೆದರಿ ಆಕೆಯನ್ನೇ ನೋಡುತ್ತಿದ್ದ.

“ಇನ್ನೊಂದ್ಸಲ ಹಚ್ರಿ,” ಎಂದಳು ಕಾಕು.

ಕಾಕಾನಿಗೆ ಮೌಸ್ ಕಾಣಲಿಲ್ಲ, ಕಣ್ಣು ತುಂಬಿದ್ದವು. ನಾನೇ ಹಚ್ಚಿದೆ.