ಕಟ್ಟಿಕೊಂಡವಳ ಅಹವಾಲು

ಕಟ್ಟಿಕೊಂಡ ಗಂಡನೇ ಜನ ಕಿಕ್ಕಿರಿದ ಸಭಾಂಗಣದಲ್ಲಿ, ಮೈಕಿನ ಮುಂದೆ ನಿಂತ ಹೆಂಡತಿಗೆ "ತಮ್ಮ ಹೆಸರು ಮತ್ತು ವಿಳಾಸ ತಿಳಿಸಿ" ಅಂದರೆ ನಿಮಗೆ ಹೇಗಾಗುತ್ತೆ? ನನಗೂ ಹಾಗೇ ಆಯಿತು. ಆದರೆ ಅಲ್ಲಿಗೆ ನಾನು ಹೋಗಿದ್ದಾದರೂ ಯಾಕೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಇಲ್ಲದಿದ್ದರೆ ನೀವೂ ಅವರ ಪಕ್ಷವೇ ಸೇರಿಬಿಡ್ತೀರಿ.

ನಮ್ಮನೆಯವರು ನಗರ ಯೋಜನಾ ಕಚೇರಿಯಲ್ಲಿ ಅಧಿಕಾರಿ. ಸೈಟಿಗೊಂದೇ ಮನೆ ಅನ್ನೋ ಹಳೇ ನಿಯಮ ಹೋಗಿ, ಇನ್ನು ಮೇಲೆ ಊರಿನ ಯಾವ ಬಡಾವಣೆಯಲ್ಲಾದರೂ ಒಂದು ಸೈಟಿನಲ್ಲಿ ನಾಲ್ಕು ಮನೆಗಳವರೆಗೂ ಕಟ್ಟಬಹುದು ಅನ್ನೋ ಹೊಸ ನಿಯಮ ಬರೋದರಲ್ಲಿತ್ತು. ಇದಕ್ಕೆ 'ವಸತಿ ವಲಯ ಪುನರ್‌ವಿಂಗಡಣೆ' ಅಂತ ನಾಮಕರಣ ಮಾಡಿದ್ದರು. (ಹೆಸರು ಹೇಳಿ ಮುಗಿಸೋದರೊಳಗೆ ಎರಡು ಮನೆ ಎದ್ದು ನಿಂತಿರುತ್ತೆ.) ಹೊಸದಾಗಿ ಸಂಸಾರ ಹೂಡಿದವರಿಗೆ ಬಾಡಿಗೆಗೊಂದು ಮನೆ ಸಿಗ್ತಿಲ್ಲ, ಅದಕ್ಕೆ ಇದು ಬೇಕು ಅಂತ ಇವರ ವಾದ. ಜನರ ಪ್ರಶ್ನೆಗಳೇ ಬೇರೆ. ಅಷ್ಟೊಂದು ಕಾರು ಎಲ್ಲಿ ನಿಲ್ಲಿಸೋದು, ಚರಂಡಿ ತಡೆದುಕೊಳ್ಳುತ್ತಾ, ಪಕ್ಕದವನ ಕಿಟಕಿ ನಮ್ಮ ಬಚ್ಚಲಿಗೇ ನೇರವಾಗಿ ಬಂದರೆ ಏನು ಗತಿ! ಈ ಕಳವಳಗಳಿಗೆಲ್ಲ ಉತ್ತರ ಹೇಳೋ ಭಾರ ಇವರ ತಲೆ ಮೇಲೆ ಬಿತ್ತು. ದಿನಾ ಸಂಜೆ ಒಂದೊಂದು ಬಡಾವಣೆಯಲ್ಲಿ ಸಭೆ. ಅವರಿಗೆ ವಲಯದ ಚಿಂತೆ, ನನಗೆ ಒಲೆಯ ಚಿಂತೆ.

ಊರಿಗೆಲ್ಲ ಉತ್ತರ ಹೇಳಿ ಮನೆಗೆ ಬರೋ ಹೊತ್ತಿಗೆ ಅವರ ಸ್ಟಾಕು ಖಾಲಿ.

"ರೀ, ಬಚ್ಚಲ ನಲ್ಲಿ ಸೋರ್ತಿದೆ."

"ಹೂಂ."

"ಪ್ಲಂಬರ್‌ಗೆ ಹೇಳ್ತೀರಾ?"

"ಹೂಂ."

"ಆ ಪ್ಲಂಬರ್ ಜೊತೆ ನಾನು ಓಡಿಹೋಗ್ಲಾ?"

"ಹೂಂ, ನೋಡೋಣ."

ಹೋಗಲಿ, ಬೀದಿಯಲ್ಲಾದರೂ ಮಾತುಕತೆ ಇದೆಯಲ್ಲ ಅಂದುಕೊಂಡರೆ ಅದಕ್ಕೂ ಕಲ್ಲು ಬಿತ್ತು. ಸಂಜೆ ವಾಕಿಂಗಿಗೆ ನನ್ನ ಜೊತೆಗಿದ್ದವರು ಮೂಲೆಮನೆ ಅಕ್ಕ. ಅವರ ಯಜಮಾನರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಡೇಲಿಯಾ ಹೂವಿನ ಹುಚ್ಚು. ಪಕ್ಕದ ಸೈಟಿನಲ್ಲಿ ನಾಲ್ಕು ಮನೆ ಎದ್ದರೆ ಡೇಲಿಯಾಗಳಿಗೆ ಬಿಸಿಲು ಬೀಳಲ್ಲ ಅನ್ನೋದು ಗೊತ್ತಾದ ದಿನದಿಂದ ಅಕ್ಕ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗತೊಡಗಿದರು. "ಕಾಲು ನೋವಾ ಅಕ್ಕಾ, ವಾಕಿಂಗ್ ಬಿಟ್ರಾ?" ಅಂತ ಕೂಗಿ ಕೇಳಿದೆ. "ನಿಮ್ಮೆಜಮಾನ್ರನ್ನೇ ಕೇಳಿ!" ಅಂದರು. ಅವರನ್ನು ಕೇಳಿ ಉತ್ತರ ಬರೋ ಹಾಗಿದ್ದರೆ ಈ ಅಕ್ಕನ ಹಂಗು ನನಗೆ ಯಾಕಿತ್ತು?

ಒಳಗೂ ಮೌನ, ಹೊರಗೂ ಮೌನ. ನಗಬೇಡಿ, ಒಂದು ಮಧ್ಯಾಹ್ನ ಗ್ಯಾಸ್ ಬುಕ್ ಮಾಡೋಕೆ ಫೋನ್ ಮಾಡಿದಾಗ ಅದರಲ್ಲಿ ಬರೋ ಹೆಂಗಸಿನ ದನಿಗೆ "ನಿಮ್ಮದು ಊಟ ಆಯ್ತಾ?" ಅಂತ ಕೇಳಿದೆ. "ದಯವಿಟ್ಟು ಒಂದನ್ನು ಒತ್ತಿ" ಅಂದಳು. ಒತ್ತಿದೆ. ಏನೋ, ಒಬ್ಬರಾದರೂ ಉತ್ತರ ಕೊಟ್ಟರಲ್ಲ ಅಂತ ಎಷ್ಟು ಹಿತವಾಯಿತು ಗೊತ್ತಾ!

ಅಷ್ಟರಲ್ಲಿ ನಮ್ಮ ಬಡಾವಣೆಯ ಸರದಿ ಬಂತು. ಧ್ವನಿವರ್ಧಕ ಕಟ್ಟಿಕೊಂಡ ಗಾಡಿಯೊಂದು ಬೀದಿ ಬೀದಿ ಸುತ್ತಿ ಸಾರಿತು: "ಪ್ರತಿಯೊಬ್ಬ ನಾಗರಿಕರ ಮಾತನ್ನೂ ಮಧ್ಯೆ ಬಾಯಿ ಹಾಕದೆ ಆಲಿಸಿ, ಸ್ಥಳದಲ್ಲೇ ಉತ್ತರಿಸಲಾಗುವುದು."

ಮಧ್ಯೆ ಬಾಯಿ ಹಾಕದೆ! ಸ್ಥಳದಲ್ಲೇ ಉತ್ತರ! ನನ್ನ ತಲೆಯೊಳಗೆ ದೀಪ ಹತ್ತಿತು. ನಾನೂ ನಾಗರಿಕಳಲ್ಲವೇ? ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು ಹೋದೆ.

ಸಭೆಯಲ್ಲಿ ಇವರನ್ನು ನೋಡಿ ಬೆರಗಾದೆ. ಜನ ಕಿರುಚಿದಷ್ಟೂ ಇವರ ಮುಖದಲ್ಲಿ ಶಾಂತಿ. ಮೇಷ್ಟ್ರು ಮುಷ್ಟಿ ಬಿಗಿದು, "ನನ್ನ ಡೇಲಿಯಾಗಳ ಗತಿ ಏನ್ರೀ?" ಅಂತ ಗುಡುಗಿದರು. ಇವರು ಎದ್ದು ಬೋರ್ಡಿನ ಮೇಲೆ ಸೂರ್ಯ ಬರೆದು, ಗೋಡೆ ಬರೆದು, ನೆರಳು ಎಲ್ಲಿಗೆ ಬೀಳುತ್ತೆ ಅಂತ ಗೆರೆ ಎಳೆದು, "ಯಾವ ಬಣ್ಣದ ಹೂವು ಸಾರ್ ತಮ್ಮದು?" ಅಂತ ಕೂಡ ಕೇಳಿದರು. ನನ್ನ ಜೀವಮಾನದಲ್ಲೇ ಮೊದಲ ಸಲ ಒಂದು ಗಿಡದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಸರದಿ. ಇವರು ತಲೆ ಎತ್ತಿ ನೋಡಿದರು. ಕೈಯಲ್ಲಿದ್ದ ಪೆನ್ನು ಜಾರಿತು. ಆದರೂ ನಿಯಮ ನಿಯಮವೇ.

"ತ... ತಮ್ಮ ಹೆಸರು ಮತ್ತು ವಿಳಾಸ ತಿಳಿಸಿ."

"ಹೆಸರು ಮನೇಲಿ ಹೇಳ್ತೀನಿ. ವಿಳಾಸ ನಿಮ್ಮದೇ," ಅಂದೆ.

ಸಭೆ ಗೊಳ್ಳೆಂದಿತು. ನಾನೂ ನಗಿಸಿ ಕೂತುಬಿಡೋಣ ಅಂತಲೇ ಬಂದಿದ್ದು. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ.

"ಸ್ವಾಮಿ, ಒಂದು ಸೈಟಿಗೆ ಒಂದು ಮನೆ ಸರಿಯೋ, ನಾಲ್ಕು ಸರಿಯೋ ನಂಗೊತ್ತಿಲ್ಲ. ನಮ್ಮ ಸೈಟಲ್ಲಿರೋದು ಒಂದೇ ಮನೆ. ಅದರಲ್ಲಿ ನಾನಿದೀನಿ. ಇನ್ನೊಬ್ಬರು ಬಂದು ಮಲಗೆದ್ದು ಹೋಗ್ತಾರೆ. ಹೊಸ ಮನೆಗೆ ಒಂದು ಇಟ್ಟಿಗೇನೂ ಬಿದ್ದಿಲ್ಲ, ಆಗ್ಲೇ ನಮ್ಮ ಬೀದೀಲಿ ಮಾತು ನಿಂತುಹೋಗಿದೆ. ನಾಳೆ ಮನೆಗಳು ನಾಲ್ಕರಷ್ಟಾದ್ರೆ, ಒಬ್ಬರಿಗೊಬ್ಬರು ಮಾತಾಡ್ದೆ ಇರೋರು ನಾಲ್ಕರಷ್ಟಾಗ್ತಾರೆ, ಅಷ್ಟೇ ತಾನೆ? ಇದಕ್ಕೇನಾದ್ರೂ ಉತ್ತರ ಇದ್ಯಾ ನಿಮ್ಮ ಹತ್ರ?"

ಕೊನೆಗೆ ದನಿ ಒಡೆದುಹೋಯಿತು. ಇವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಮೆಲ್ಲಗೆ, "ಇಲ್ಲ. ಉತ್ತರ ಇಲ್ಲ," ಅಂದರು.

ನನಗೆ ಅಷ್ಟೇ ಸಾಕಾಗಿತ್ತು. ಆದರೆ ಮೇಷ್ಟ್ರು ಕುರ್ಚಿ ಮೇಲೆ ಹತ್ತಿ, "ಕೇಳಿದ್ರಾ? ಉತ್ತರ ಇಲ್ಲವಂತೆ! ಅಧಿಕಾರಿನೇ ಒಪ್ಪಿಕೊಂಡ್ರು!" ಅಂತ ಕೂಗಿದರು. ಚಪ್ಪಾಳೆ, ಶಿಳ್ಳೆ. ಮೂಲೆಮನೆ ಅಕ್ಕ ಓಡಿಬಂದು ನನ್ನನ್ನು ತಬ್ಬಿಕೊಂಡರು. "ಎಂಥಾ ಏಟು ಕೊಟ್ಟೆ ಕಣೇ!"

"ನಾನು ಏಟು ಕೊಡೋಕೆ ಬಂದಿರ್ಲಿಲ್ಲ ಅಕ್ಕಾ," ಅಂದೆ. ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು?

ಭಾನುವಾರ ಬೆಳಿಗ್ಗೆ ಇವರು ಅಡುಗೆಮನೆಗೆ ಸ್ಟೂಲು ಎಳೆದುಕೊಂಡು ಬಂದು ನನ್ನೆದುರು ಕೂತರು. "ಈಗ ಹೇಳು. ಎಷ್ಟು ಹೊತ್ತಾದ್ರೂ ಕೇಳ್ತೀನಿ."

ತಿಂಗಳುಗಟ್ಟಲೆ ಕೂಡಿಟ್ಟಿದ್ದ ಮಾತುಗಳು! ಬಾಯಿ ತೆರೆದೆ. ಒಂದಾದರೂ ಹೊರಗೆ ಬರಬೇಕಲ್ಲ? ಹುಡುಕಿ ಹುಡುಕಿ, "ಇವತ್ತು ಸೆಖೆ ಜಾಸ್ತಿ," ಅಂದೆ. "ಹೌದಲ್ವಾ?" ಅಂದರು. ಬಸ್ಸಿಗೆ ಕಾಯೋ ಅಪರಿಚಿತರ ಹಾಗೆ ಇಬ್ಬರೂ ಕಿಟಕಿ ಕಡೆ ನೋಡಿದೆವು. ಇನ್ನೇನು ಒಂದು ಮಾತು ಗಂಟಲ ತನಕ ಬಂದಿತ್ತು, ಅವರ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು ಕೆಳಗಿಟ್ಟರು.

"ಮೇಲಿನವರ ಆದೇಶ. ಎಲ್ಲ ಬಡಾವಣೆಗಳಲ್ಲೂ ಮತ್ತೆ ಮೊದಲಿಂದ ಅಹವಾಲು ಕೇಳ್ಬೇಕಂತೆ."

"ಯಾಕಂತೆ?"

"ಯಾರೋ ಒಬ್ಬ ನಾಗರಿಕರ ಪ್ರಶ್ನೆಗೆ ಅಧಿಕಾರಿ ಹತ್ರ ಉತ್ತರ ಇರ್ಲಿಲ್ಲವಂತೆ." ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

ಮಾರನೇ ದಿನ ಸಂಜೆ ಅಕ್ಕ ಆದರೂ ವಾಕಿಂಗಿಗೆ ಸಿಗ್ತಾರೆ ಅಂತ ಚಪ್ಪಲಿ ಮೆಟ್ಟಿಕೊಂಡು ಗೇಟಿಗೆ ಬಂದೆ. ಬೀದಿಯವರೆಲ್ಲ ವ್ಯಾನು ಹತ್ತುತ್ತಿದ್ದರು. ಇನ್ನು ಊರಿನ ಎಲ್ಲ ಸಭೆಗಳಿಗೂ ಹೋಗಿ ಪ್ರಶ್ನೆ ಕೇಳ್ತಾರಂತೆ. "ದಾರಿ ತೋರಿಸಿದೋಳೇ ನೀನು, ಬಾರೇ!" ಅಂದರು ಅಕ್ಕ. ಒಲ್ಲೆ ಅಂದೆ. ವ್ಯಾನು ಹೋಯಿತು. ಅದರ ಹಿಂದೆಯೇ ಇವರೂ ಬ್ಯಾಗು ಹೆಗಲಿಗೇರಿಸಿ, "ಬರ್ತೀನಿ" ಅಂತ ಹೊರಟರು.

ಅವರು ದೂರ ಹೋಗಿದ್ದೇ ತಡ, ಭಾನುವಾರ ಬಾರದೆ ಕೈಕೊಟ್ಟ ಮಾತುಗಳೆಲ್ಲ ಒಟ್ಟಿಗೆ ನುಗ್ಗಿ ಬಂದವು.

"ರೀ!" ಅಂತ ಕೂಗಿದೆ.

ಬೀದಿಯ ಕೊನೆಯಲ್ಲಿ ನಿಂತು ತಿರುಗಿದರು. ಕಿವಿಗೆ ಕೈ ಹಚ್ಚಿದರು. ಕೂಗಿ ಹೇಳಿದ್ದರೆ ಕೇಳಿಸುತ್ತಿತ್ತು, ಬೀದಿ ಅಷ್ಟು ಖಾಲಿಯಿತ್ತು. ಆದರೆ ಅಷ್ಟು ದೂರಕ್ಕೆ ಕೂಗಿ ಹೇಳೋ ಮಾತುಗಳಾಗಿರಲಿಲ್ಲ ಅವು.

"ಏನಿಲ್ಲ, ಹೋಗ್ಬನ್ನಿ," ಅಂತ ಕೈ ಬೀಸಿದೆ.