ಭಂಡಾರ ಹಚ್ಚಿದ ಕಪಾಟು

ನಮ್ಮ ಸೊಲ್ಲಾಪುರದ ಮನೆಗಳಲ್ಲಿ ಪಾತ್ರೆಗಳಿಗೆ ಇರುವ ಹಾಗೆ ಭಾಷೆಗಳಿಗೂ ಒಂದೊಂದು ಕೆಲಸ ನಿಗದಿಯಾಗಿದೆ. ಉಣ್ಣುವುದು, ಬೈಯುವುದು, ಅಳುವುದು ಕನ್ನಡದಲ್ಲಿ. ಓದುವುದು, ಬರೆಯುವುದು ಮರಾಠಿಯಲ್ಲಿ. ರಿಕ್ಷಾದವನೊಡನೆ ಜಗಳ ಮಾತ್ರ ಹಿಂದಿಯಲ್ಲಿ. ಇಂಥಲ್ಲಿ ಕನ್ನಡ ಓದುವ ನನ್ನಂಥವಳು ಮನೆಯಲ್ಲಿದ್ದರೆ ಅದೊಂದು ಕಾಯಿಲೆ ಎಂದೇ ಎಣಿಕೆ. "ಆಕೀಗಿ ಓದೂ ಹುಚ್ಚು ಐತ್ರಿ," ಎಂದು ನಮ್ಮ ಯಜಮಾನರು ಸೀರೆ ಅಂಗಡಿಗೆ ಬಂದ ಗಿರಾಕಿಗಳ ಮುಂದೆ, ಸಕ್ಕರೆ ಕಾಯಿಲೆಯ ಸುದ್ದಿ ಹೇಳುವಷ್ಟೇ ಮೆಲ್ಲಗೆ ಹೇಳುತ್ತಾರೆ.

ಈ ಹುಚ್ಚು ಹತ್ತಿದ್ದು ನನ್ನ ತವರು ಅಕ್ಕಲಕೋಟೆಯಲ್ಲಿ. ಅಲ್ಲಿಯ ವಾಚನಾಲಯದಲ್ಲಿ ಮರಾಠಿ ಕಪಾಟುಗಳ ಸಾಲು ಮುಗಿದ ಮೇಲೆ, ಕಿಟಕಿಯ ಪಕ್ಕ, ಒಂದೇ ಒಂದು ಕನ್ನಡ ಕಪಾಟು. ಅಪ್ಪ ಭಾನುವಾರ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರು. ವಿಜಾಪುರದ ಬಸ್ಸಿನಲ್ಲಿ ಬರುವ ಕನ್ನಡ ಪತ್ರಿಕೆ ನಿನ್ನೆಯದಾಗಿರುತ್ತಿತ್ತು. ಅಪ್ಪ ಅದನ್ನು ಈಗಷ್ಟೇ ನಡೆದ ಸುದ್ದಿಯಂತೆ ಗಾಬರಿಯಿಂದ ಓದುತ್ತಿದ್ದರು. ನಾನು ಕಪಾಟಿನ ಬುಡದಲ್ಲಿ ಕುಳಿತು ನುಸಿಗುಳಿಗೆಯ ವಾಸನೆಯೊಳಗೆ ಕಥೆ ಓದುತ್ತಿದ್ದೆ. ಈಗಲೂ ಸೀರೆ ಪೆಟ್ಟಿಗೆ ತೆರೆದಾಗ ಆ ವಾಸನೆ ಬಂದರೆ ಅಪ್ಪ ನೆನಪಾಗಿ ಕಣ್ಣು ತುಂಬುತ್ತದೆ. ಒಂದೇ ಕೊರತೆ ಎಂದರೆ, ಆ ಕಥೆಗಳಲ್ಲಿ ಯಾವಾಗ ನೋಡಿದರೂ ಮಳೆ. ನಮ್ಮ ಕಡೆಯ ಕುರಿ, ಕಂಬಳಿ, ಬಿಸಿಲು ಯಾವ ಪುಟದಲ್ಲೂ ಸಿಗುತ್ತಿರಲಿಲ್ಲ. ಪುಸ್ತಕದಲ್ಲಿ ಬರುವಷ್ಟು ಯೋಗ್ಯತೆ ನಮಗಿಲ್ಲವೆಂದೇ ನಾನು ನಂಬಿದ್ದೆ.

ಹೋದ ವರ್ಷ ಗ್ರಂಥಪಾಲ ಮಾನೆಯವರು ಫೋನ್ ಮಾಡಿದರು. "ಮೇಡಂ, ಕನ್ನಡ ಪುಸ್ತಕ ಯಾರೂ ಒಯ್ಯಂಗಿಲ್ಲ. ಪೋರಗೋಳಿಗಿ ಸ್ಪರ್ಧಾ ಪರೀಕ್ಷಾದ ಪುಸ್ತಕ ಇಡಾಕ ಜಾಗಾ ಬೇಕು. ದಿವಾಳಿ ಹಬ್ಬಕ್ಕ ಆ ಕಪಾಟು ಹಿಂದಿನ ಖೋಲಿಗಿ ಹಾಕ್ತೀವಿ." ಹಿಂದಿನ ಖೋಲಿ ಎಂದರೆ ಮುರಿದ ಕುರ್ಚಿಗಳೂ ಇಲಿಗಳೂ ಸಂಸಾರ ಹೂಡಿರುವ ಕೋಣೆ. ಅಪ್ಪನನ್ನೇ ಅಲ್ಲಿಗೆ ನೂಕುತ್ತಾರೇನೋ ಎನ್ನುವಷ್ಟು ಸಂಕಟವಾಯಿತು. ನಮ್ಮ ಜನ ಬರಬೇಕಾದರೆ ಕಪಾಟಿನಲ್ಲಿ ನಮ್ಮ ಜನರದೂ ಏನಾದರೂ ಇರಬೇಕಲ್ಲ! ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಭಾಷಣ ಶುರು ಮಾಡಿದೆ. ಕುರಿ ಕಾಯುವವರ ಹಾಡಿಗೂ ವಾಚನಾಲಯದಲ್ಲಿ ಜಾಗ ಬೇಕು ಎಂದೆ. ಯಜಮಾನರು ಊಟದ ತಟ್ಟೆ ಹಿಡಿದುಕೊಂಡು ಟಿವಿಯ ಕಡೆ ಸರಿದು ಕೂತರು.

ನನ್ನ ಕಣ್ಣು ಬಿದ್ದದ್ದು ಹನ್ನೂರಿನ ಮಾಯವ್ವನ ಮೇಲೆ. ಹಬ್ಬಕ್ಕೆ ನಮ್ಮ ಅಂಗಡಿಗೇ ಸೀರೆಗೆ ಬರುವ ಹೆಂಗಸು, ಕುರಿಗಳ ಹಿಂದೆಯೇ ಬೆಳೆದವಳು. ಕುರಿಗಾರರ ದೇವರು ಬೀರಪ್ಪನ ಹಾಡು ಹೇಳಲು ಕೂತಳೆಂದರೆ ಉಳಿದ ಗಿರಾಕಿಗಳು ಚೌಕಾಸಿ ಮಾಡುವುದನ್ನೇ ಮರೆಯುತ್ತಾರೆ. ಅವಳ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ಬರೆದು, ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದೆ. ಅವಳ ಕೈಯಿಂದಲೇ ಅದು ಕಪಾಟು ಸೇರಲಿ ಎಂದು ಅಕ್ಕಲಕೋಟೆಗೆ ಕರೆಸಿದೆ.

ಆದರೆ ನಮ್ಮ ಕಡೆಯ ಪದ್ಧತಿಯನ್ನೇ ನಾನು ಮರೆತಿದ್ದೆ. ಮೋಟಾರ್ ಸೈಕಲ್ಲಾಗಲಿ, ಹಿಟ್ಟಿನ ಗಿರಣಿಯಾಗಲಿ, ಹೊಸದು ಏನೇ ಬಂದರೂ ಮೊದಲು ಅದಕ್ಕೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಬೇಕು. ಮಾಯವ್ವ ಸೆರಗಿನ ಗಂಟು ಬಿಚ್ಚಿ ಪುಸ್ತಕಕ್ಕೆ ಹಚ್ಚಿದಳು, ಕಪಾಟಿನ ಗಾಜಿಗೆ ಬಳಿದಳು, ಉಳಿದದ್ದನ್ನು ಮಾನೆಯವರ ಹಣೆಗೆ ಒತ್ತಿ ತೆಂಗಿನಕಾಯಿ ಒಡೆದಳು.

ಕಪಾಟೇನೋ ಉಳಿಯಿತು. ದೀಪಾವಳಿಗೆ ಅದನ್ನು ಎತ್ತಲು ಬಂದ ಹಮಾಲರು ಅರಿಶಿನ ನೋಡಿ, "ಹೇ ತರ ಬೀರೋಬಾಚಂ! ಬೀರಪ್ಪಂದು ಇದು, ನಾವು ಮುಟ್ಟಂಗಿಲ್ಲ," ಎಂದು ಕೈಮುಗಿದು ಹೋದರಂತೆ. ಮಾನೆಯವರ ಮನೆದೇವರೂ ಅದೇ ಆದ್ದರಿಂದ ಅವರೂ ಕಪಾಟನ್ನು ಇದ್ದಲ್ಲೇ ಬಿಟ್ಟರು. ನಾನು ಅಂಗಡಿಯಲ್ಲಿ ಪೇಢೆ ಹಂಚಿದೆ. ಮುಂದಿನ ಭಾನುವಾರ ಹೋಗಿ ನೋಡಿದರೆ ಜನ ಬರುತ್ತಿರುವುದು ನಿಜ. ಚಪ್ಪಲಿ ಹೊರಗೆ ಬಿಟ್ಟು, ಗಾಜಿಗೆ ಹಣೆ ಹಚ್ಚಿ, ಹಾಗೇ ಹೋಗುತ್ತಿದ್ದರು. ಯಾರೋ ಊದುಬತ್ತಿಯನ್ನೂ ಸಿಕ್ಕಿಸಿದ್ದರು. ಕಪಾಟಿನ ಬಾಗಿಲು ತೆರೆಯುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಇಲಿಗಳಿಂದ ಬಿಡಿಸಿ ದೇವರಿಗೆ ಒಪ್ಪಿಸಿದಂತಾಗಿತ್ತು. ಓದುವವರು ಮಾತ್ರ ಎರಡು ಕಡೆಯೂ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮತ್ತೊಂದು ಭಾನುವಾರ ಮಾಯವ್ವನನ್ನು ಕರೆಸಿ, ಎಂಥ ಕೆಲಸ ಮಾಡಿಟ್ಟೆ ನೋಡು ಎಂದು ತೋರಿಸಿದೆ. ಅವಳು ಒಂದಿಷ್ಟೂ ವಿಚಲಿತಳಾಗಲಿಲ್ಲ.

"ಯಾರೂ ಹೊರಗ ಒಗೀಬಾರದಂತ ಹಚ್ಚೀನ್ರಿ ಅಕ್ಕಾ, ಯಾರೂ ತಗೀಬಾರದಂತ ಅಲ್ಲ. ಮೋಟಾರ್ ಸೈಕಲ್‌ಗಿ ಭಂಡಾರ ಹಚ್ಚಿದ ಮ್ಯಾಲ ಅದನ್ನ ಹತ್ತಂಗಿಲ್ಲೇನು?"

ಹಾಗೆಂದವಳೇ ಬಾಗಿಲು ಸರಿಸಿ, ಪುಸ್ತಕ ತೆಗೆದು ನನ್ನ ಕೈಗಿಟ್ಟಳು. "ಓದ್ರಿ. ನಾ ಏನ್ ಹಾಡೀನಿ, ನಾನೂ ಕೇಳ್ತೀನಿ."

ನಾನು ಗಂಟಲು ಸರಿ ಮಾಡಿಕೊಂಡು ಶಾಲೆಯ ಪಾಠದಂತೆ ಓದಿದೆ. ಎರಡು ಸಾಲಿಗೇ ಮಾಯವ್ವನಿಗೆ ತಡೆಯಲಾಗಲಿಲ್ಲ; ಮೂರನೆಯ ಸಾಲನ್ನು ತಾನೇ ಎತ್ತಿಕೊಂಡಳು. ಮೂರು ಹೊಲದಾಚೆಯ ಕುರಿಯನ್ನು ಕರೆದು ಪಳಗಿದ ಗಂಟಲು ಅದು! ಪರೀಕ್ಷೆಗೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ನನ್ನ ಬೆರಳು ತಾನಾಗಿಯೇ ತುಟಿಗೆ ಹೋಯಿತು. "ಹಳೂಕ, ಮಾಯವ್ವಾ! ಇದು ವಾಚನಾಲಯ."

"ಹಳೂಕ ಹಾಡಿದ್ರ ಬೀರಪ್ಪಗ ಕೇಳಸ್ತದೇನ್ರಿ?" ಎಂದು ಉಸಿರಿನ ನಡುವೆಯೇ ಕೇಳಿ ಅವಳು ಮುಂದುವರಿಸಿದಳು.

ಅಷ್ಟರಲ್ಲಿ ತಡವಳದಿಂದ ದಿನಾ ಬಸ್ಸಿಗೆ ಬಂದು ಓದುವ ಒಂದು ಹುಡುಗಿ ಗೈಡು ಮುಚ್ಚಿಟ್ಟು ನನ್ನ ಪಕ್ಕಕ್ಕೆ ಬಂದಳು. ಅವಳ ತುಟಿ ಹಾಡಿನ ಜೊತೆಗೇ ಅಲ್ಲಾಡುತ್ತಿತ್ತು. "ಇದು ನಮ್ಮ ಆಯಿ ಹಾಡೂ ಪದಾ," ಎಂದು ಪಿಸುಗುಟ್ಟಿದಳು. "ಮನೀಗಿ ಒಯ್ಲೇನ್ರಿ? ಆದ್ರ ನನಗ ಕನ್ನಡ ಅಕ್ಷರ ಬರಂಗಿಲ್ಲ. ಕಲಸ್ತೀರೇನು?"

ನನಗೆ ಆ ಕ್ಷಣ ಅಪ್ಪ ಬೇಕಾಗಿದ್ದರು. ಅವರಿಲ್ಲದ್ದಕ್ಕೆ ದುಃಖವೋ, ಇವಳು ಸಿಕ್ಕಿದ್ದಕ್ಕೆ ಸಂತೋಷವೋ, "ಕಲಸ್ತೀನಿ! ಈಗಽ ಶುರು ಮಾಡೂಣು!" ಎಂದು ಕೂಗಿಯೇಬಿಟ್ಟೆ.

"ಮೇಡಂ, ಗಪ್ಪ ಕೂಡ್ರಿ," ಎಂದು ಮಾನೆಯವರು ಮೇಜು ಕುಟ್ಟಿದರು. "ಪದಾ ಪೂರಾ ಆಗ್ಲಿ."

ಬುದ್ಧಿ ಬಂದಾಗಿನಿಂದ ಆ ವಾಚನಾಲಯಕ್ಕೆ ಹೋಗುತ್ತಿದ್ದೇನೆ. ಗಲಾಟೆ ಮಾಡಿದೆನೆಂದು ಗ್ರಂಥಪಾಲರಿಂದ ಬೈಸಿಕೊಂಡದ್ದು ಅದೇ ಮೊದಲು.